ಒಂದು ಅಂಚು ನೇರ, ಇನ್ನೊಂದು ಓರೆ

ಹೊಸ ಸಿಎನ್‌ಸಿ ಪ್ಲಾಸ್ಮಾ ಟೇಬಲ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹದ ಪ್ಲೇಟ್ ಕತ್ತರಿಸುವ ಯಂತ್ರ, ಬಂದಿದೆ. ಮೊದಲ ತುಂಡು ಕತ್ತರಿಸಿ ಕೈಗೆತ್ತಿಕೊಂಡರೆ ಅಂಚು ಓರೆ, ತಳದಲ್ಲಿ ಕಿಟ್ಟ (ಕರಗಿ ಅಂಟಿಕೊಂಡ ಲೋಹ), ತೂತು ಮೊಟ್ಟೆಯಾಕಾರ. ಇಷ್ಟು ದುಡ್ಡು ಸುರಿದದ್ದು ಇದಕ್ಕಾ ಅನ್ನಿಸುತ್ತದೆ. ಮಾರಿದವರಿಗೆ ಫೋನ್ ಮಾಡುವ ಮೊದಲು ಆ ತುಂಡನ್ನೇ ಬೆಳಕಿಗೆ ಹಿಡಿದು ನೋಡಿ.

ಇಲ್ಲಿ ಕತ್ತರಿಸುವುದು ಬ್ಲೇಡ್ ಅಲ್ಲ, ಗಾಳಿ. ಕತ್ತರಿಸುವ ತಲೆಗೆ ಟಾರ್ಚ್ ಅನ್ನುತ್ತಾರೆ; ಅದರ ತುದಿಯ ನಾಝಲ್‌ನ ಸಣ್ಣ ತೂತಿನಲ್ಲಿ ನುಗ್ಗುವ ಗಾಳಿಯೊಳಗೆ ವಿದ್ಯುತ್ ಹರಿದಾಗ ಅದು 20,000 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯ್ದು ಪ್ಲಾಸ್ಮಾ ಆಗುತ್ತದೆ. ಉಕ್ಕು ಕರಗಲು 1,500 ಸಾಕು. ಈ ಬೆಂಕಿಯ ಎಳೆ ಚೆದುರದಂತೆ ಗಾಳಿಯನ್ನು ಸುಳಿಯಂತೆ ತಿರುಗಿಸಿ ಬಿಡುತ್ತಾರೆ. ಓರೆ ಹುಟ್ಟುವುದು ಅಲ್ಲೇ. ಸುಳಿ ಒಂದು ಪಕ್ಕಕ್ಕೆ ಜಾಸ್ತಿ ಶಾಖ ಕೊಡುತ್ತದೆ. ಹೆಚ್ಚಿನ ಟಾರ್ಚ್‌ಗಳಲ್ಲಿ, ಅದು ಸಾಗುವ ದಿಕ್ಕಿನ ಬಲಗಡೆ ಅಂಚು ನೇರ, ಎಡಗಡೆಯದು ಓರೆ. ಹಾಗಾಗಿ ಹೊರಗಿನ ಆಕಾರವನ್ನು ಗಡಿಯಾರದ ಮುಳ್ಳಿನಂತೆ ಸುತ್ತಬೇಕು, ಒಳಗಿನ ತೂತನ್ನು ಅದಕ್ಕೆ ಉಲ್ಟಾ. ಪ್ರೋಗ್ರಾಮ್‌ನಲ್ಲಿ ದಿಕ್ಕು ತಪ್ಪಿದರೆ ಒಳ್ಳೆ ಅಂಚು ಗುಜರಿಗೆ ಹೋಗುತ್ತದೆ, ಓರೆ ಅಂಚು ನಿಮ್ಮ ಕೈಗೆ ಬರುತ್ತದೆ. ಯಂತ್ರದ ತಪ್ಪೇನೂ ಇಲ್ಲ, ಅಲ್ವಾ?

ಸುತ್ತಲೂ ಓರೆ ಇದ್ದರೆ ಕಥೆ ಬೇರೆ. ಆಗ ಟಾರ್ಚ್‌ನ ಎತ್ತರ ನೋಡಿ. ಜಾಸ್ತಿ ಮೇಲಿದ್ದರೆ ಪ್ಲೇಟಿನ ಮೇಲಂಚು ಹೆಚ್ಚು ಸವೆಯುತ್ತದೆ, ಜಾಸ್ತಿ ಕೆಳಗಿದ್ದರೆ ಓರೆ ತಿರುಗುಮುರುಗು. ಎತ್ತರವನ್ನು ಯಂತ್ರ ಕಣ್ಣಿಂದ ಅಳೆಯುವುದಿಲ್ಲ, ವೋಲ್ಟೇಜ್‌ನಿಂದ ಊಹಿಸುತ್ತದೆ. ಬೆಂಕಿಯ ಎಳೆ ಉದ್ದವಾದಷ್ಟೂ ವೋಲ್ಟೇಜ್ ಜಾಸ್ತಿ. ಲೆಕ್ಕ ಜಾಣತನದ್ದೇ, ಆದರೆ ಮೋಸಹೋಗುತ್ತದೆ. ಟಾರ್ಚ್‌ನೊಳಗೆ ವಿದ್ಯುತ್ ಹರಿಸುವ ತಾಮ್ರದ ಎಲೆಕ್ಟ್ರೋಡ್ ತಿರುಗಿಸಿ ನೋಡಿದರೆ ತುದಿಯ ನಡುವೆ ಸಾಸಿವೆ ಕಾಳಿನಷ್ಟು ಬೂದು ಚುಕ್ಕೆ ಕಾಣುತ್ತದೆ. ಅದು ಹಾಫ್ನಿಯಂ ಎಂಬ ಲೋಹ, ಬೆಂಕಿಯ ಎಳೆ ಹೊರಡುವುದು ಅಲ್ಲಿಂದಲೇ. ಪ್ರತಿ ಸಲ ಟಾರ್ಚ್ ಹೊತ್ತಿಕೊಂಡಾಗಲೂ ಅದು ಒಂಚೂರು ಸವೆದು ಗುಳಿ ಬೀಳುತ್ತದೆ. ಗುಳಿ ಆಳವಾದಂತೆ ಎಳೆ ಟಾರ್ಚ್‌ನ ಒಳಗೇ ಉದ್ದವಾಗುತ್ತದೆ. ಯಂತ್ರ ‘ನಾನು ಮೇಲಿದ್ದೇನೆ’ ಅಂದುಕೊಂಡು ಕೆಳಗಿಳಿಯುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಅಂಚು ಸಂಜೆಗೆ ಕೆಡುವುದು ಹೀಗೂ ಇರಬಹುದು. ಮೂಲೆಯಲ್ಲಿ ವೇಗ ತಗ್ಗಿದಾಗಲೂ ಇದೇ ಆಟ: ಸೀಳು ಅಗಲವಾಗಿ ವೋಲ್ಟೇಜ್ ಏರುತ್ತದೆ, ಟಾರ್ಚ್ ಸುಮ್ನೆ ಪ್ಲೇಟಿನತ್ತ ಮುಗ್ಗರಿಸುತ್ತದೆ. ಅದಕ್ಕೇ ಮೂಲೆಗಳಲ್ಲಿ ಎತ್ತರದ ನಿಯಂತ್ರಣವನ್ನು ತಡೆಹಿಡಿಯುತ್ತಾರೆ.

ಕಿಟ್ಟದಲ್ಲಿ ಎರಡು ಬಗೆ. ಉಳಿಯಿಂದ ತಟ್ಟಿದರೆ ಉದುರುವ ದಪ್ಪ ಗುಳ್ಳೆಯಂಥದ್ದು ಬಂದರೆ ನೀವು ನಿಧಾನವಾಗಿ ಓಡಿಸುತ್ತಿದ್ದೀರಿ. ಗ್ರೈಂಡರ್ ಇಲ್ಲದೆ ಹೋಗದ ಸಣ್ಣ ಗಟ್ಟಿ ಗೆರೆಯಂಥದ್ದು ಬಂದರೆ ವೇಗ ಜಾಸ್ತಿ. ಅಂಚು ಹಾಳಾದಾಗಲೆಲ್ಲ ವೇಗ ತಗ್ಗಿಸುವುದು ಎಲ್ಲರ ಮೊದಲ ಆಲೋಚನೆ, ಅರ್ಧದಷ್ಟು ಸಲ ಅದೇ ತೊಂದರೆ ಅಂತ ನನ್ನ ಅನಿಸಿಕೆ.

ತೂತಿಗೆ ನಾಲ್ಕು ಕಡೆ ಚಪ್ಪಟೆ ಬಿದ್ದಿದ್ದರೆ ಗೇರ್ ಅಥವಾ ಬೆಲ್ಟ್ ಸಡಿಲ. ಯಂತ್ರ ದಿಕ್ಕು ಬದಲಿಸುವ ಜಾಗಗಳು ಅವೇ. ಇದು ಮಾತ್ರ ನಿಜವಾಗಿ ಮಾರಿದವರನ್ನು ಕೇಳಬೇಕಾದ ವಿಷಯ.

ಹೊಸ ಎಲೆಕ್ಟ್ರೋಡ್‌ಗಳು ಗಂಟೆಗಳಲ್ಲೇ ಸಾಯುತ್ತಿದ್ದರೆ ಕಂಪ್ರೆಸರ್‌ನತ್ತ ನೋಡಿ. ಅದುಮಿದ ಬಿಸಿ ಗಾಳಿ ಪೈಪಿನಲ್ಲಿ ತಣ್ಣಗಾದಾಗ ತೇವವೆಲ್ಲ ನೀರಾಗುತ್ತದೆ, ಜೊತೆಗೆ ಎಣ್ಣೆಯೂ ಸೇರುತ್ತದೆ. ಬೆಂಕಿ ಹೊತ್ತಿಸದೆ ಬರೀ ಗಾಳಿ ಬಿಟ್ಟು, ಟಾರ್ಚ್ ಕೆಳಗೆ ಒಂದು ಬಿಳಿ ಕಾಗದ ಹಿಡಿಯಿರಿ. ಕಾಗದದ ಮೇಲೆ ಒದ್ದೆ ಚುಕ್ಕೆ ಮೂಡಿದರೆ ಟೇಬಲ್ ಬಿಡಿ, ಏರ್ ಡ್ರೈಯರ್ ತನ್ನಿ.