ಬೆಲ್ಟ್ ಬಿಚ್ಚಿದ ಮೇಲೆ ನಾಯಿ ಯಾರದು?

ಬೀದಿಯಲ್ಲಿ ಸಿಕ್ಕ ನಾಯಿ ಮನೆಯದೋ ಅಲ್ಲವೋ ಎಂದು ತಿಳಿಯಬೇಕಾದರೆ ಅದರ ಕೊರಳು ನೋಡಬೇಕು. ಬೆಲ್ಟ್ ಇಲ್ಲದಿದ್ದರೂ ಬೆಲ್ಟ್ ಇದ್ದ ಜಾಗದಲ್ಲಿ ಕೂದಲು ಒತ್ತಿಹೋಗಿ, ಬೆರಳಗಲದ ಒಂದು ಗೆರೆ ಉಳಿದಿರುತ್ತದೆ. ತಪ್ಪಿಸಿಕೊಂಡು ಬಂದ ನಾಯಿಗೆ ಸಾಮಾನ್ಯವಾಗಿ ಬೆಲ್ಟ್ ಇದ್ದೇ ಇರುತ್ತದೆ. ಗೆರೆ ಇದೆ, ಬೆಲ್ಟ್ ಇಲ್ಲ ಎಂದರೆ ಅನುಮಾನ ಒಂದೇ ಕಡೆ ಹೋಗುತ್ತದೆ. ಯಾರೋ ಬಗ್ಗಿ, ಬಕಲ್ ಬಿಚ್ಚಿ, ಬೆಲ್ಟನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದಾರೆ.

ನಾಯಿ ಸಾಕಿದವರ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಜಗಳ ಇನ್ನೂರು ವರ್ಷಗಳಿಂದ ಹೆಚ್ಚುಕಡಿಮೆ ಆ ಬೆಲ್ಟಿನ ಸುತ್ತಲೇ ನಡೆದಿದೆ.

ಮೊದಲು ಇದ್ದದ್ದು ದೊಡ್ಡಿ. ಹೊಲಕ್ಕೆ ನುಗ್ಗಿದ ದನವನ್ನು ಹಿಡಿದು ಕೂಡಿಹಾಕುವುದು, ಒಡೆಯ ಬಂದು ದಂಡ ಕಟ್ಟಿ ಬಿಡಿಸಿಕೊಂಡು ಹೋಗುವುದು. ಈ ಹಳೆಯ ಪದ್ಧತಿಯನ್ನೇ 19ನೇ ಶತಮಾನದ ದೊಡ್ಡ ನಗರಗಳು ನಾಯಿಗೂ ಅನ್ವಯಿಸಿದವು. ದನದ ವಿಷಯದಲ್ಲಿ ಇದು ಚೆನ್ನಾಗಿಯೇ ನಡೆಯುತ್ತಿತ್ತು. ದನಕ್ಕೆ ಬೆಲೆಯಿದೆ, ಒಡೆಯ ಬಂದೇ ಬರುತ್ತಾನೆ. ನಾಯಿಗೆ ಯಾರು ಬರುತ್ತಾರೆ? ನ್ಯೂಯಾರ್ಕಿನ ನಾಯಿ ದೊಡ್ಡಿಯಲ್ಲಿ ಹೆಚ್ಚಿನವಕ್ಕೆ ಯಾರೂ ಬರುತ್ತಿರಲಿಲ್ಲ. ಅವನ್ನು ಕಬ್ಬಿಣದ ಪಂಜರದಲ್ಲಿ ತುಂಬಿ ಈಸ್ಟ್ ನದಿಗೆ ಇಳಿಸಿ ಮುಳುಗಿಸುತ್ತಿದ್ದರು. ನಾಯಿ ಹಿಡಿದು ತಂದವರಿಗೆ ತಲೆಗಿಷ್ಟು ಎಂದು ದುಡ್ಡು. ಹಾಗಾಗಿ ಮನೆಯ ಮುಂದೆ ಮಲಗಿದ್ದ ನಾಯಿಯನ್ನೂ ಹುಡುಗರು ಎಳೆದು ತರುತ್ತಿದ್ದರು.

ಇದರ ಹಿಂದೆ ಬರೀ ಕ್ರೌರ್ಯ ಇರಲಿಲ್ಲ, ಭಯವೂ ಇತ್ತು. ಹುಚ್ಚುನಾಯಿ ರೋಗಕ್ಕೆ ಆಗ ಮದ್ದೇ ಇರಲಿಲ್ಲ. ನಾಯಿ ಕಚ್ಚಿದ ಹುಡುಗನಿಗೆ ಲೂಯಿ ಪಾಶ್ಚರ್ ಮೊದಲ ಸಲ ಲಸಿಕೆ ಹಾಕಿಸಿದ್ದು 1885ರಲ್ಲಿ. ಅಲ್ಲಿಯತನಕ ಒಡೆಯನಿಲ್ಲದ ನಾಯಿ ಎಂದರೆ ಬೀದಿಯಲ್ಲಿ ಓಡಾಡುವ ಸಾವು. ಆಗಿನ ಕಾನೂನುಗಳನ್ನು ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅವು ಅಟ್ಟಿಸಿಕೊಂಡು ಹೋದದ್ದು ನಾಯಿಯನ್ನು. ಅದನ್ನು ಬೀದಿಗೆ ಬಿಟ್ಟವನ ತಂಟೆಗೆ ಯಾರೂ ಹೋಗಲಿಲ್ಲ.

1860ರಲ್ಲಿ ಲಂಡನ್ನಿನ ಹಾಲೋವೇಯಲ್ಲಿ ಮೇರಿ ಟೀಲ್ಬಿ ಎಂಬ ಹೆಂಗಸು ‘ಕಳೆದುಹೋದ, ಹಸಿದ ನಾಯಿಗಳ ತಾತ್ಕಾಲಿಕ ಮನೆ’ ಎಂದು ಹೆಸರಿಟ್ಟು ಒಂದು ಆಸರೆ ತೆರೆದರು. ಪತ್ರಿಕೆಗಳು ಗೇಲಿ ಮಾಡಿದವು. ಮನುಷ್ಯರೇ ಹಸಿದಿರುವ ಊರಲ್ಲಿ ನಾಯಿಗೆ ಮನೆಯಾ ಎಂದು ಜನ ಕೇಳಿದರು. (ಈ ಪ್ರಶ್ನೆಗೆ ಮಾತ್ರ ವಯಸ್ಸೇ ಆಗುವುದಿಲ್ಲ.) ಆಕೆ 1865ರಲ್ಲಿ ತೀರಿಕೊಂಡರು. 1871ರಲ್ಲಿ ಆ ಸಂಸ್ಥೆ ಬ್ಯಾಟರ್ಸಿಗೆ ಹೋಯಿತು, ಇವತ್ತಿಗೂ ಅಲ್ಲೇ ಇದೆ. ಹೆಸರಿನಲ್ಲಿದ್ದ ‘ತಾತ್ಕಾಲಿಕ’ ಎಂಬ ಮಾತನ್ನು ಗಮನಿಸಿ. ನಾಯಿಗೆ ಆ ಜಾಗವೇ ಮನೆಯಾಗಬೇಕು ಎಂದಲ್ಲ. ಹಳೆಯ ಒಡೆಯ ಸಿಗಬೇಕು, ಸಿಗದಿದ್ದರೆ ಹೊಸಬರು ಸಿಗಬೇಕು. ಅಟ್ಲಾಂಟಿಕ್‌ನ ಆಚೆ, ಫಿಲಡೆಲ್ಫಿಯಾದಲ್ಲಿ ಕ್ಯಾರೊಲಿನ್ ಅರ್ಲ್ ವೈಟ್ ಮತ್ತು ಜೊತೆಗಿದ್ದ ಹೆಂಗಸರು 1869ರಲ್ಲಿ ಸಂಘ ಕಟ್ಟಿ ಇದೇ ಕೆಲಸಕ್ಕೆ ಇಳಿದರು. ಇವತ್ತು ನಾವು ರೀಹೋಮಿಂಗ್ (ನಾಯಿಗೆ ಹೊಸ ಮನೆ ಹುಡುಕಿಕೊಡುವುದು) ಎನ್ನುವುದರ ಬೇರು ಇಲ್ಲಿದೆ.

ನ್ಯೂಯಾರ್ಕಿನ ಕಥೆ ಇನ್ನೊಂದು ದಾರಿ ಹಿಡಿಯಿತು. ಪ್ರಾಣಿದಯಾ ಸಂಘ ಕಟ್ಟಿದ ಹೆನ್ರಿ ಬರ್ಗ್, ನಗರದ ದೊಡ್ಡಿಯನ್ನು ನೀವೇ ನಡೆಸಿ ಎಂದಾಗ ಒಪ್ಪಲಿಲ್ಲ. ಕೊಲ್ಲುವ ಕೆಲಸ ನಮ್ಮದಲ್ಲ ಎಂಬುದು ಅವರ ನಿಲುವು. ಅವರು ತೀರಿಕೊಂಡ ಮೇಲೆ, 1894ರಲ್ಲಿ, ಸಂಘ ಒಪ್ಪಿಕೊಂಡಿತು. ನದಿಯಲ್ಲಿ ಮುಳುಗಿಸುವುದು ನಿಂತಿತು. ಕೊಲ್ಲುವುದು ನಿಲ್ಲಲಿಲ್ಲ, ನೀರಿನ ಬದಲು ಗ್ಯಾಸ್ ಬಂತು. ಬರ್ಗ್ ಕಂಡಿದ್ದ ತೊಡಕು ಇವತ್ತಿನ ಶೆಲ್ಟರ್‌ಗಳಿಗೂ ಇದೆ. ನಾಯಿ ಬರುವ ಬಾಗಿಲು ದೊಡ್ಡದು, ಹೋಗುವ ಬಾಗಿಲು ಚಿಕ್ಕದು.

ಹಾಗಾದರೆ ಒಡೆಯನನ್ನು ಹಿಡಿಯುವುದು ಹೇಗೆ? ಬ್ರಿಟನ್ ಲೈಸೆನ್ಸ್ ತಂದು ನೋಡಿತು. 1867ರ ಕಾಯ್ದೆಯಲ್ಲಿ ನಾಯಿಗೆ ಐದು ಷಿಲಿಂಗ್. 1878ರಲ್ಲಿ ಅದು ಏಳೂವರೆ ಷಿಲಿಂಗ್ ಆಯಿತು. ಆಮೇಲೆ ನೂರು ವರ್ಷ ಅಷ್ಟೇ ಇತ್ತು ಎಂದರೆ ನಂಬಬೇಕು. ಕೊನೆಕೊನೆಗೆ, ಹೊಸ ನಾಣ್ಯದ ಲೆಕ್ಕದಲ್ಲಿ, ಅದರ ಬೆಲೆ 37 ಪೆನ್ಸ್. ವಸೂಲಿಯ ಖರ್ಚೇ ವಸೂಲಿಗಿಂತ ಜಾಸ್ತಿಯಾಗಿ, 1980ರ ದಶಕದ ಕೊನೆಗೆ ಕೈಬಿಟ್ಟರು. ಜರ್ಮನಿಯಲ್ಲಿ ನಾಯಿ ತೆರಿಗೆ ಇನ್ನೂ ಇದೆ, ಅದನ್ನು ಊರಾಡಳಿತಗಳು ವಸೂಲು ಮಾಡುತ್ತವೆ.

ಲೈಸೆನ್ಸಿಗಿಂತ ನನಗೆ ಮುಖ್ಯ ಅನಿಸುವುದು 1906ರ ಬ್ರಿಟಿಷ್ ಕಾಯ್ದೆಯ ಒಂದು ಅಂಕಿ, ಏಳು ದಿನ. ಬಿಡಾಡಿ ನಾಯಿಯನ್ನು ಪೊಲೀಸರು ಹಿಡಿದರೆ ಏಳು ದಿನ ಇಟ್ಟುಕೊಳ್ಳಬೇಕು. ಅಷ್ಟರೊಳಗೆ ಒಡೆಯ ಬಾರದಿದ್ದರೆ ಮಾರಬಹುದು, ಇಲ್ಲವೇ ಕೊಲ್ಲಬಹುದು. 1990ರ ಕಾಯ್ದೆಯಲ್ಲೂ ಅದೇ ಏಳು ದಿನ ಉಳಿಯಿತು. ಅಂದರೆ ಕಾನೂನಿನ ಗಡಿಯಾರ ಶುರುವಾಗುತ್ತಿದ್ದದ್ದು ನಾಯಿ ಬೀದಿಗೆ ಬಿದ್ದ ಮೇಲೆ. ಬರದೇ ಇದ್ದ ಒಡೆಯನಿಗೆ ನಷ್ಟವೇನೂ ಇಲ್ಲ. ಸುಮ್ನೆ ಮನೆಯಲ್ಲಿ ಕೂತರೆ ಸಾಕು, ಏಳು ದಿನ ಕಳೆಯುತ್ತದೆ.

ಬಿಟ್ಟುಹೋಗುವುದೇ ಅಪರಾಧ ಎಂಬ ಮಾತು ಸ್ಪಷ್ಟವಾಗಿ ಬಂದದ್ದು ತಡವಾಗಿ. 1960ರಲ್ಲಿ ಬ್ರಿಟನ್ ಇದಕ್ಕೆಂದೇ ಒಂದು ಚಿಕ್ಕ ಕಾಯ್ದೆ ಮಾಡಿತು. ಅದೇ ವರ್ಷ ಭಾರತದ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಬಂತು. ಅದರ 11ನೇ ಕಲಮಿನಲ್ಲಿ ಬಿಟ್ಟುಹೋಗುವುದನ್ನೂ ಹಿಂಸೆಯ ಪಟ್ಟಿಗೆ ಸೇರಿಸಲಾಯಿತು. ಎರಡರಲ್ಲೂ ಒಂದು ಕಿಂಡಿ ಇದೆ, ‘ಸರಿಯಾದ ಕಾರಣವಿಲ್ಲದೆ’ ಬಿಟ್ಟರೆ ಮಾತ್ರ ತಪ್ಪು. ಸರಿಯಾದ ಕಾರಣ ಯಾವುದು? ಮನೆ ಬದಲಾಯಿಸಿದ್ದೇ, ಮಗು ಹುಟ್ಟಿದ್ದೇ, ಕೆಲಸ ಹೋದದ್ದೇ? ಕಾಯ್ದೆ ಅದನ್ನು ಬಿಡಿಸಿ ಹೇಳುವುದಿಲ್ಲ.

‘ನಾಯಿ ಬರೀ ಕ್ರಿಸ್‌ಮಸ್‌ಗಲ್ಲ, ಬದುಕಿನುದ್ದಕ್ಕೂ’ ಎಂಬ ಘೋಷಣೆ 1978ರದು. ಹಬ್ಬದ ಉಡುಗೊರೆಯಾಗಿ ಮರಿ ಕೊಡುವುದು, ಹಬ್ಬ ಕಳೆದ ಮೇಲೆ ಅವು ಆಶ್ರಯಗಳ ಬಾಗಿಲಿಗೆ ಬರುವುದು ನಡೆದೇ ಇತ್ತು. ಅದನ್ನು ಕಂಡು ಬೇಸತ್ತ ಒಂದು ಬ್ರಿಟಿಷ್ ಸಂಸ್ಥೆ ಈ ಮಾತನ್ನು ಹೊರಡಿಸಿತು. ಅದಾಗಿ ಹತ್ತು ವರ್ಷದೊಳಗೆ, 1987ರಲ್ಲಿ, ಯುರೋಪಿನ ದೇಶಗಳು ಸ್ಟ್ರಾಸ್‌ಬರ್ಗ್‌ನಲ್ಲಿ ಸಾಕುಪ್ರಾಣಿಗಳ ಒಪ್ಪಂದ ಬರೆದವು. ಅದರಲ್ಲಿ ಎರಡು ಮಾತು ನೇರವಾಗಿವೆ. ಯಾರೂ ಸಾಕುಪ್ರಾಣಿಯನ್ನು ಬಿಟ್ಟುಹೋಗಕೂಡದು. ಸಾಕಿದವರಷ್ಟೇ ಅಲ್ಲ, ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡವರೂ ಅದರ ಆರೋಗ್ಯಕ್ಕೆ ಹೊಣೆ. ಎರಡನೆಯ ಮಾತು ದೊಡ್ಡದು. ‘ಎರಡು ದಿನ ನೋಡ್ಕೊಳ್ಳಿ’ ಎಂದು ಕೊಟ್ಟುಹೋದವರಿಗೂ, ‘ಆಯ್ತು’ ಎಂದವರಿಗೂ ಅದು ತಾಕುತ್ತದೆ.

ಇಟಲಿ 1991ರಲ್ಲಿ ಇನ್ನೂ ಮುಂದೆ ಹೋಯಿತು. ಗಟ್ಟಿಮುಟ್ಟಾದ ಬಿಡಾಡಿ ನಾಯಿಯನ್ನು ಕೊಲ್ಲಬಾರದು ಎಂದಿತು. ಒಳ್ಳೆಯದೇ. ಆದರೆ ದತ್ತು ತೆಗೆದುಕೊಳ್ಳುವವರು ಸಿಗದ ಕಡೆ ಎಷ್ಟೋ ನಾಯಿಗಳು ಬದುಕಿಡೀ ಬೋನಿನಲ್ಲೇ ಕಳೆಯುವಂತಾಯಿತು. ಜೀವ ಉಳಿಸುವುದು ಒಂದು ಕೆಲಸ, ಮನೆ ಹುಡುಕುವುದು ಬೇರೆಯೇ ಕೆಲಸ.

ಇಷ್ಟಾದರೂ ಒಂದು ಪ್ರಶ್ನೆಯನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ. ಜನ ನಾಯಿಯನ್ನು ಬಿಡುವುದು ಯಾಕೆ? 1990ರ ದಶಕದಲ್ಲಿ ಅಮೆರಿಕದ 12 ಶೆಲ್ಟರ್‌ಗಳಲ್ಲಿ ಸಂಶೋಧಕರು ಬಾಗಿಲ ಬಳಿಯೇ ಕೂತು ಕೇಳಿದರು. ಮನೆ ಬದಲಾವಣೆ, ಬಾಡಿಗೆ ಮನೆಯ ಮಾಲೀಕರ ತಕರಾರು, ಖರ್ಚು ಎಂಬ ಕಾರಣಗಳು ಮುಂದೆ ಇದ್ದವು. ಬಂದ ನಾಯಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಐದು ತಿಂಗಳಿಂದ ಮೂರು ವರ್ಷದ ಒಳಗಿನವು. ಅಂದರೆ ಮುದ್ದು ಮರಿ ಹೋಗಿ, ಬಲವಿರುವ, ಬುದ್ಧಿ ಬಾರದ ಪ್ರಾಯದ ನಾಯಿ ಉಳಿದಾಗ. ನೂರರಲ್ಲಿ 96 ನಾಯಿಗಳಿಗೆ ಯಾವ ತರಬೇತಿಯೂ ಸಿಕ್ಕಿರಲಿಲ್ಲ.

ಕಲ್ಲೆದೆಯವರ ಪಟ್ಟಿ ಅಲ್ಲ ಇದು. ಹೆಚ್ಚಿನವರು ತಯಾರಿ ಇಲ್ಲದೆ ಮರಿ ತಂದವರು, ಕಷ್ಟಕ್ಕೆ ಸಿಕ್ಕಿಕೊಂಡವರು. ಅದಕ್ಕೇ, ನಾಯಿ ಕೊಡಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಬೈಯುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಒಬ್ಬರಿಗೆ ಬೈದರೆ ಆ ಸುದ್ದಿ ಹತ್ತು ಜನಕ್ಕೆ ಹೋಗುತ್ತದೆ. ಮುಂದಿನವರು ಬಾಗಿಲಿಗೆ ಬರುವುದೇ ಇಲ್ಲ. ಕತ್ತಲಾದ ಮೇಲೆ ಬೆಲ್ಟ್ ಬಿಚ್ಚುತ್ತಾರೆ.

ಕಾನೂನು ಕೊನೆಗೂ ನಾಯಿ ತರುವ ಹೊತ್ತಿನ ಕಡೆ ತಿರುಗಿತು. ಇಂಗ್ಲೆಂಡಿನಲ್ಲಿ 2020ರಿಂದ ಆರು ತಿಂಗಳೊಳಗಿನ ಮರಿಯನ್ನು ನಡುವಿನ ವ್ಯಾಪಾರಿ ಮಾರುವಂತಿಲ್ಲ. ಸಾಕಿ ಮರಿ ಹಾಕಿಸಿದವರ ಹತ್ತಿರವೇ ಹೋಗಬೇಕು, ಇಲ್ಲವೇ ಆಶ್ರಯದಿಂದ ತರಬೇಕು. ಫ್ರಾನ್ಸ್‌ನ 2021ರ ಕಾಯ್ದೆ ಇನ್ನೂ ಸ್ವಾರಸ್ಯದ್ದು. ಮೊದಲ ಸಲ ನಾಯಿ ತರುವವರು ಒಂದು ಹೊಣೆಪತ್ರಕ್ಕೆ ಸಹಿ ಹಾಕಬೇಕು. ನಾಯಿಗೆ ಏನೇನು ಬೇಕು, ಎಷ್ಟು ಖರ್ಚು ಎಲ್ಲ ಅದರಲ್ಲಿ ಬರೆದಿರುತ್ತದೆ. ಸಹಿ ಹಾಕಿದ ಮೇಲೆ ಏಳು ದಿನ ಕಾಯಬೇಕು. ಹೌದು, ಮತ್ತೆ ಅದೇ ಏಳು ದಿನ! ನೂರು ವರ್ಷದ ಹಿಂದೆ ಕೊನೆಯಲ್ಲಿದ್ದದ್ದು ಈಗ ಮೊದಲಿಗೆ ಬಂದಿದೆ.

ಬೆಲ್ಟಿನ ಜಾಗಕ್ಕೆ ಈ ನಡುವೆ ಮೈಕ್ರೋಚಿಪ್ ಬಂತು. ಅಕ್ಕಿಕಾಳಿನಷ್ಟು ದೊಡ್ಡದು, ಹೆಗಲ ನಡುವೆ ಚರ್ಮದ ಕೆಳಗೆ ಕೂರುತ್ತದೆ. ಅದರಲ್ಲಿ ಬ್ಯಾಟರಿ ಇಲ್ಲ. ನಾಯಿ ಎಲ್ಲಿದೆ ಎಂದು ಅದು ತೋರಿಸುವುದೂ ಇಲ್ಲ (ಹಾಗೆಂದುಕೊಂಡವರು ಬಹಳ ಮಂದಿ). ಸ್ಕ್ಯಾನರ್ ಹಿಡಿದರೆ 15 ಅಂಕಿಯ ಒಂದು ನಂಬರ್ ಕೊಡುತ್ತದೆ, ಅಷ್ಟೇ. ಆ ನಂಬರಿನ ಮುಂದೆ ಯಾರ ಹೆಸರಿದೆ ಎಂಬುದು ಬೇರೆ ಪುಸ್ತಕದಲ್ಲಿರುತ್ತದೆ. ಇಂಗ್ಲೆಂಡಿನಲ್ಲಿ 2016ರಿಂದ ನಾಯಿಗೆ ಇದು ಕಡ್ಡಾಯ. ಬೆಲ್ಟ್ ಬಿಚ್ಚಿದಷ್ಟು ಸುಲಭವಾಗಿ ಇದನ್ನು ಬಿಚ್ಚಲಾಗುವುದಿಲ್ಲ.

ಬೇರೆ ಮನೆಗೆ ಕೊಟ್ಟರೆ ನಾಯಿ ಕೊರಗಿ ಸಾಯುತ್ತದೆ, ಅದು ಒಬ್ಬರಿಗೇ ನಿಷ್ಠ ಎಂಬ ನಂಬಿಕೆ ಇದೆಯಲ್ಲ, ಅದನ್ನೂ ಹಂಗೇರಿಯ ಸಂಶೋಧಕರು ಪರೀಕ್ಷಿಸಿ ನೋಡಿದರು. 2001ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಆಶ್ರಯದ ಬೆಳೆದ ನಾಯಿಗಳ ಜೊತೆ ಅಪರಿಚಿತರೊಬ್ಬರು ಹತ್ತತ್ತು ನಿಮಿಷ, ಮೂರು ಸಲ ಕಳೆದರು. ಅಷ್ಟಕ್ಕೇ ನಾಯಿಗಳು ಅವರನ್ನು ಹಚ್ಚಿಕೊಂಡ ಲಕ್ಷಣ ತೋರಿದವು. ನಾಯಿಗೆ ಹೊಸ ಮನೆ ಹೊಂದುತ್ತದೆ. ಮೊದಲ ಕೆಲವು ದಿನ ಕಷ್ಟ. ತಿನ್ನದೆ ಇರಬಹುದು, ಮೂಲೆ ಬಿಟ್ಟು ಏಳದಿರಬಹುದು. ಅದರ ನಿಜವಾದ ಗುಣ ಕಾಣಲು ವಾರಗಳೇ ಬೇಕು.

ಇಷ್ಟೆಲ್ಲ ಹೇಳುತ್ತಿರುವ ನಾನು ರೋಜಿಯನ್ನು ತಂದಾಗ ಇದಾವುದೂ ಗೊತ್ತಿರಲಿಲ್ಲ. ಐದು ವರ್ಷದ ಹೆಣ್ಣು ನಾಯಿ. ಕೊಟ್ಟವರು ಬೇರೆ ಊರಿಗೆ ಹೋಗುತ್ತಿದ್ದರು. ಬಟ್ಟಲು, ಹಳೆಯ ಬೆಡ್‌ಶೀಟ್, ಲಸಿಕೆಯ ಪುಸ್ತಕ ಕೊಟ್ಟು, “ಪಾಪದ್ದು ಸಾರ್, ಏನೂ ಮಾಡಲ್ಲ” ಎಂದರು. ನಾಲ್ಕನೇ ದಿನ ಬಟ್ಟಲನ್ನು ಸ್ವಲ್ಪ ಸರಿಸಲು ಹೋದೆ. ರೋಜಿ ಮೊದಲು ತಿನ್ನುವುದನ್ನು ನಿಲ್ಲಿಸಿದಳು. ತಲೆ ಎತ್ತಲಿಲ್ಲ, ಕಣ್ಣಿನ ಬಿಳಿ ಮಾತ್ರ ಕಂಡಿತು. ಅದು ಎಚ್ಚರಿಕೆ ಎಂದು ನನಗೆ ತಿಳಿಯುವಷ್ಟರಲ್ಲಿ ಮಣಿಕಟ್ಟಿನ ಮೇಲೆ ನಾಲ್ಕು ಹಲ್ಲು ಮೂಡಿತ್ತು.

ಇಂಜೆಕ್ಷನ್ ಹಾಕಿಸಿಕೊಂಡು ಬಂದು ಅವರಿಗೆ ಫೋನ್ ಮಾಡಿದೆ. “ಅದಾ? ನಮ್ಮಲ್ಲೂ ಎರಡು ಸಲ ಆಗಿತ್ತು” ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. “ಹೇಳಿದ್ರೆ ನೀವು ತಗೋತಾನೇ ಇರ್ಲಿಲ್ವಲ್ಲ!”

ನಿಜ, ತಗೊಳ್ಳುತ್ತಿರಲಿಲ್ಲವೇನೋ. ಆದರೆ ಚಿಕ್ಕ ಮಕ್ಕಳಿರುವ ಮನೆಗೆ ಹೋಗಿದ್ದರೆ? ಆ ಮನೆಯವರು ರೋಜಿಗೆ ಇನ್ನೊಂದು ಅವಕಾಶ ಕೊಡುತ್ತಿದ್ದರಾ? ಅವರು ನಾಯಿ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಅಷ್ಟು ವರ್ಷ ಚೆನ್ನಾಗಿಯೇ ಸಾಕಿದ್ದರು, ಲಸಿಕೆ ಒಂದೂ ತಪ್ಪಿರಲಿಲ್ಲ. ಕಚ್ಚಿದ ವಿಷಯ ಮುಚ್ಚಿದ್ದು ಮಾತ್ರ ನನ್ನ ಕಣ್ಣಲ್ಲಿ ಬೆಲ್ಟ್ ಬಿಚ್ಚಿ ಬಿಟ್ಟುಹೋದ ಹಾಗೆಯೇ. ಒಳ್ಳೆಯ ಸಂಸ್ಥೆಗಳು ಇದನ್ನೇ ಮೊದಲು ಕೇಳುತ್ತವೆ. ಕಚ್ಚಿದೆಯಾ, ಯಾರಿಗೆ, ಆಗ ಏನು ನಡೆಯುತ್ತಿತ್ತು? ಮಕ್ಕಳ ಜೊತೆ ಹೇಗೆ, ಒಂಟಿ ಬಿಟ್ಟರೆ ಹೇಗೆ? ಹೊಸ ಮನೆ ನೋಡಿ ಬರುತ್ತವೆ. ಹೊಂದದಿದ್ದರೆ ನಮಗೇ ವಾಪಸ್ ಕೊಡಿ, ಬೇರೆಯವರಿಗೆ ದಾಟಿಸಬೇಡಿ ಎಂದು ಬರೆಸಿಕೊಳ್ಳುತ್ತವೆ. ಕೈಯಿಂದ ಕೈಗೆ ಕೊಡುವಾಗ ಇದಾವುದೂ ಇರುವುದಿಲ್ಲ. ಕೊಡುವವರ ಬಾಯಿಂದ ಎಷ್ಟು ಬರುತ್ತದೋ ಅಷ್ಟೇ.

ತರಬೇತಿ ಕೊಡುವವರೊಬ್ಬರು ಹೇಳಿದಂತೆ ಬಟ್ಟಲಿಗೆ ಕೈ ಹಾಕುವುದನ್ನೇ ನಿಲ್ಲಿಸಿದೆ. ಅವಳು ತಿನ್ನುವಾಗ ದೂರದಲ್ಲಿ ನಿಂತು, ಇನ್ನೂ ರುಚಿಯಾದ ಒಂದು ತುಂಡನ್ನು ಬಟ್ಟಲಿನತ್ತ ಎಸೆದು ಹೊರಟುಹೋಗುವುದು. ಎರಡು ತಿಂಗಳಿಗೆ, ನಾನು ಬಂದರೆ ಅವಳೇ ತಲೆ ಎತ್ತಿ ಬಾಲ ಅಲ್ಲಾಡಿಸತೊಡಗಿದಳು. ಛತ್ರಿ ಬಿಚ್ಚಿದರೆ ಮಂಚದ ಕೆಳಗೆ ಹೋಗುತ್ತಾಳೆ ಎಂಬುದನ್ನೂ ನಾನೇ ಕಂಡುಕೊಳ್ಳಬೇಕಾಯಿತು.

ಮೊನ್ನೆ ವರ್ಷದ ಲಸಿಕೆಗೆ ಹೋದಾಗ ಡಾಕ್ಟರು ಹೆಗಲ ಮೇಲೆ ಸ್ಕ್ಯಾನರ್ ಓಡಿಸಿದರು. ಬೀಪ್ ಎಂದು ನಂಬರ್ ಬಂತು. ಚಿಪ್ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಂಬರಿನ ಎದುರು ಹಳೆಯವರ ಹೆಸರು, ಅವರ ಹಳೆಯ ವಿಳಾಸ. ರೋಜಿ ಅವತ್ತು ತಪ್ಪಿಸಿಕೊಂಡಿದ್ದರೆ ಫೋನ್ ಹೋಗುತ್ತಿದ್ದದ್ದು ಅವರಿಗೆ. ಅದನ್ನು ಬದಲಾಯಿಸಲು ಅವರ ಒಪ್ಪಿಗೆಯೂ ಬೇಕಂತೆ. ಮತ್ತೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ಒಪ್ಪಿಗೆಯ ವಿಷಯವನ್ನಲ್ಲ.

“ಚೆನ್ನಾಗಿದ್ದಾಳಾ ಸಾರ್? ಈಗಲೂ ಛತ್ರಿ ಕಂಡ್ರೆ ಓಡ್ತಾಳಾ?”