ಕ್ರಯವಾಯಿತು, ಖಾತೆ ಬದಲಾಯಿತೇ?

ಇಂಟರ್ನೆಟ್‌ನಲ್ಲಿ ಯಂತ್ರಗಳನ್ನು ಗುರುತಿಸುವ ಸಂಖ್ಯೆಗಳಾದ ಐಪಿ ವಿಳಾಸಗಳ ವರ್ಗಾವಣೆಗೆಂದು ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೊದಲು ತೋರಿಸುವುದು ಹಣ ಪಾವತಿಯ ರಸೀದಿಯನ್ನು. ಮಾರುವವರು ಅಮೆರಿಕದವರು, ವಿಳಾಸಗಳು ಅಲ್ಲಿನ ನೋಂದಣಿ ಸಂಸ್ಥೆಯಾದ ಆರಿನ್‌ನ ದಾಖಲೆಯಲ್ಲಿವೆ. ಕೊಳ್ಳುವವರು ನಮ್ಮ ಏಷ್ಯಾ-ಪೆಸಿಫಿಕ್ ಭಾಗದ ನೋಂದಣಿ ಸಂಸ್ಥೆಯಾದ ಎಪಿನಿಕ್‌ನ ಸದಸ್ಯರು. ಆರಿನ್ ದಾಖಲೆಯಲ್ಲಿ ಈ ವಿಳಾಸಗಳು ಯಾರ ಹೆಸರಿನಲ್ಲಿವೆ, ಆ ಹೆಸರಿನ ಸಂಸ್ಥೆ ಇಂದಿಗೂ ಇದೆಯೇ ಎಂದು ಕೇಳಿದರೆ ಉತ್ತರವಿರುವುದಿಲ್ಲ. ವಂಶವೃಕ್ಷ ನೋಡದೆ ನಾಲ್ಕು ಗುಂಟೆ ಜಮೀನನ್ನೂ ಕೊಳ್ಳದ ನಮ್ಮ ಜನ ಇಲ್ಲಿ ಮಾತ್ರ ಹೀಗೇಕೆ ಅವಸರಪಡುತ್ತಾರೆ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಂದಿಗೂ ವ್ಯಾಪಕ ಬಳಕೆಯಲ್ಲಿರುವ ಐಪಿವಿ4 ಮಾದರಿಯ ವಿಳಾಸಗಳಲ್ಲಿ ಹಂಚಲು ಹೊಸವು ಬಹುತೇಕ ಉಳಿದಿಲ್ಲ. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೂ ಆರಿನ್‌ನದು 2015ರ ಸೆಪ್ಟೆಂಬರ್‌ನಲ್ಲೂ ಬರಿದಾದವು. ಹಾಗಾಗಿ ಇಂದು ಮಾರಾಟಕ್ಕೆ ಬರುವ ವಿಳಾಸಗಳಲ್ಲಿ ಬಹಳಷ್ಟು ಹಳೆಯವು. 1997ರಲ್ಲಿ ಆರಿನ್ ಸ್ಥಾಪನೆಯಾಗುವ ಮೊದಲೇ ಪಡೆದಿದ್ದ ಕಂಪನಿಗಳು ಆಮೇಲೆ ವಿಲೀನವಾಗಿರುತ್ತವೆ, ಹೋಳಾಗಿರುತ್ತವೆ, ಮುಚ್ಚಿಯೂ ಹೋಗಿರುತ್ತವೆ. ದಾಖಲೆಯಲ್ಲಿ ಮಾತ್ರ ಹಳೆಯ ಹೆಸರೇ ಇರುತ್ತದೆ. ದಿವಾಳಿಯಾಗಿದ್ದ ಕೆನಡಾದ ದೂರಸಂಪರ್ಕ ಕಂಪನಿ ನಾರ್ಟೆಲ್‌ನಿಂದ 2011ರಲ್ಲಿ ಮೈಕ್ರೋಸಾಫ್ಟ್ 75 ಲಕ್ಷ ಡಾಲರಿಗೆ ಕೊಂಡ 6,66,624 ವಿಳಾಸಗಳ ಕಥೆಯೂ ಇದೇ: ಅವು ನಾರ್ಟೆಲ್ ಹಿಂದೆ ಕೊಂಡಿದ್ದ ಕಂಪನಿಗಳಿಗೆ ಹಂಚಿಕೆಯಾಗಿದ್ದವು. ನ್ಯಾಯಾಲಯದ ಒಪ್ಪಿಗೆ ಕೈಯಲ್ಲಿದ್ದರೂ ಮೈಕ್ರೋಸಾಫ್ಟ್ ಆರಿನ್ ಜೊತೆ ನೋಂದಣಿ ಒಪ್ಪಂದ ಮಾಡಿಕೊಂಡಿತು.

ಬೆಂಗಳೂರಿನ ಕಕ್ಷಿದಾರರೊಬ್ಬರು 1,024 ವಿಳಾಸಗಳಿಗೆ ಮುಂಗಡ ಕೊಟ್ಟು ಬಂದಿದ್ದರು. ದಾಖಲೆಯಲ್ಲಿದ್ದ ಕಂಪನಿ ಇನ್ನೊಂದರಲ್ಲಿ ವಿಲೀನವಾಗಿತ್ತು, ಆ ಇನ್ನೊಂದು ತನ್ನ ಜಾಲ ವಿಭಾಗವನ್ನು ಮೂರನೆಯವರಿಗೆ ಮಾರಿತ್ತು. ನಮಗೆ ಮಾರುತ್ತಿದ್ದವರು ಆ ಮೂರನೆಯವರು. ಅವರಲ್ಲಿ ಕಪಟವಿರಲಿಲ್ಲ. ಆದರೆ ವಿಲೀನದ ಆಧಾರದ ಮೇಲೆ ಮೊದಲು ಹೆಸರು ಬದಲಾಗಬೇಕು, ಅದಕ್ಕೆ ಬೇರೆಯೇ ಅರ್ಜಿ. ಅದು ಮುಗಿದ ಮೇಲಷ್ಟೇ ಎರಡು ನೋಂದಣಿಗಳ ನಡುವಿನ ವರ್ಗಾವಣೆ. ವಿಭಾಗದ ಮಾರಾಟ ಪತ್ರದಲ್ಲಿ ‘ಅನುಬಂಧದಲ್ಲಿ ಕಾಣಿಸಿದ ಸ್ವತ್ತುಗಳು’ ಎಂದಿತ್ತು, ಅನುಬಂಧದ ಹಾಳೆ ಮಾತ್ರ ಕಡತದಲ್ಲಿರಲಿಲ್ಲ. ಆ ಒಂದು ಹಾಳೆ ಸಿಗಲು ನಾಲ್ಕು ತಿಂಗಳು ಹಿಡಿಯಿತು.

ಅಷ್ಟು ದಿನವೂ ಆ ಕಕ್ಷಿದಾರರು ನನಗೆ ಹೇಳುತ್ತಿದ್ದದ್ದು ಒಂದೇ ಮಾತು: “ಸರ್, ವಿಳಾಸಗಳು ಆಗಲೇ ನಮ್ಮ ರೂಟರ್‌ನಲ್ಲಿ ಓಡ್ತಾ ಇವೆಯಲ್ಲ!” ಓಡುತ್ತಿದ್ದದ್ದು ನಿಜ, ಮಾರುವವರು ಕೊಟ್ಟಿದ್ದ ಅನುಮತಿ ಪತ್ರ ನೋಡಿ ಇವರ ಇಂಟರ್ನೆಟ್ ಪೂರೈಕೆದಾರರು ಅವುಗಳನ್ನು ಪ್ರಕಟಿಸುತ್ತಿದ್ದರು, ಅಂದರೆ ಅವುಗಳಿಗೆ ದಾರಿ ಇಲ್ಲಿದೆ ಎಂದು ಇತರ ಜಾಲಗಳಿಗೆ ತಿಳಿಸುತ್ತಿದ್ದರು. ಅದು ಗೇಣಿಗೆ ಉಳುವ ಹಾಗೆ: ಬೆಳೆ ನಿಮ್ಮದೇ ಇರಬಹುದು, ಪಹಣಿಯಲ್ಲಿ ಹೆಸರು ಬೇರೆಯವರದು. ಯಾವ ಜಾಲ ಈ ವಿಳಾಸಗಳನ್ನು ಪ್ರಕಟಿಸಬಹುದೆಂದು ಹೇಳುವ ದೃಢೀಕರಣ ಪತ್ರವಾದ ಆರ್‌ಒಎ ಬರೆಯುವ ಅಧಿಕಾರವೂ ಆ ಹೆಸರಿನವರದೇ. ನಾಳೆ ಅವರು ಅದನ್ನು ಬೇರೆ ಜಾಲದ ಹೆಸರಿಗೆ ಬರೆದರೆ, ಪರಿಶೀಲನೆ ಮಾಡುವ ಜಾಲಗಳು ನಿಮ್ಮ ಪ್ರಕಟಣೆಯನ್ನು ತಿರಸ್ಕರಿಸುತ್ತವೆ.

ಹಣ ಕೊಡುವ ಮೊದಲು ಎಪಿನಿಕ್‌ನಲ್ಲಿ ಪೂರ್ವಾನುಮೋದನೆ ಪಡೆಯಿರಿ. ಮುಂದಿನ 24 ತಿಂಗಳ ಬಳಕೆಯ ಯೋಜನೆಯನ್ನು ಅಲ್ಲಿ ಕೇಳುತ್ತಾರೆ. ನಿಯಮಗಳು ಬದಲಾಗುವುದರಿಂದ ಅರ್ಜಿ ಹಾಕುವ ದಿನದ ನೀತಿಯನ್ನೇ ಓದಿ, ನನ್ನ ಅಂಕಣವನ್ನು ನಂಬಿ ಹೊರಡಬೇಡಿ. ಹಣವನ್ನು ಎಸ್ಕ್ರೋ ಖಾತೆಯಲ್ಲಿ, ಅಂದರೆ ಷರತ್ತು ಪೂರೈಸುವವರೆಗೆ ತಟಸ್ಥರೊಬ್ಬರು ಹಿಡಿದಿಡುವ ಖಾತೆಯಲ್ಲಿಡಿ, ಎಪಿನಿಕ್ ದಾಖಲೆಯಲ್ಲಿ ನಿಮ್ಮ ಹೆಸರು ಕಾಣಿಸಿದ ಮೇಲೆಯೇ ಅದು ಬಿಡುಗಡೆಯಾಗಬೇಕೆಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ.