ಕಡತದ ಚಿತ್ರ ಕಡತವಲ್ಲ

ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಬಟ್ಟೆಯ ಗಂಟು ಬಿಚ್ಚಿ, ಅಂಚು ಉದುರುತ್ತಿರುವ ಹಳೆಯ ಹಾಳೆಯೊಂದನ್ನು ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟಿದ್ದಾರೆ ಎಂದುಕೊಳ್ಳೋಣ. ಎ4 ಅಳತೆಯ ಆ ಹಾಳೆಯನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಓದಿದರೆ ಅಗಲಕ್ಕೆ 2,480, ಉದ್ದಕ್ಕೆ 3,508, ಒಟ್ಟು ಸುಮಾರು 87 ಲಕ್ಷ ಚುಕ್ಕಿಗಳಾಗುತ್ತವೆ. ಬಣ್ಣದ ಸ್ಕ್ಯಾನ್ ಆದರೆ ಪ್ರತಿ ಚುಕ್ಕಿಗೆ ಮೂರು ಬೈಟ್. ಕುಗ್ಗಿಸದೆ ಇಟ್ಟರೆ ಒಂದೇ ಹಾಳೆ 26 ಎಂಬಿ ಜಾಗ ನುಂಗುತ್ತದೆ. ಅದೇ ಹಾಳೆಯಲ್ಲಿರುವ ಬರಹವನ್ನು ಯುನಿಕೋಡ್ (ಜಗತ್ತಿನ ಲಿಪಿಗಳಿಗೆ ಸಾಮಾನ್ಯವಾದ ಸಂಕೇತ ಪದ್ಧತಿ) ಕನ್ನಡದಲ್ಲಿ ಟೈಪ್ ಮಾಡಿದರೆ ಏಳೆಂಟು ಕೆಬಿಯಲ್ಲಿ ಮುಗಿದುಹೋಗುತ್ತದೆ. ಜಾಗದ ಮಾತು ದೊಡ್ಡದಲ್ಲ, ಡಿಸ್ಕು ಈಗ ಅಗ್ಗ. ದೊಡ್ಡ ಮಾತೆಂದರೆ, ಈ 87 ಲಕ್ಷ ಚುಕ್ಕಿಗಳಲ್ಲಿ ಒಂದಾದರೂ ಅಕ್ಷರವಿದೆ ಎಂಬುದು ಕಂಪ್ಯೂಟರಿಗೆ ತಿಳಿಯದು. ಅದರ ಪಾಲಿಗೆ ಸರ್ವೆ ನಂಬರೂ ಒಂದೇ, ಪಕ್ಕದಲ್ಲಿರುವ ಚಹಾದ ಕಲೆಯೂ ಒಂದೇ.

ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಲು ಬಂದ ‘ಭೂಮಿ’ ಯೋಜನೆ ಹಿಡಿದ ದಾರಿ ಬೇರೆ. ಅಲ್ಲಿ ಪಹಣಿಯ ಚಿತ್ರ ತೆಗೆಯಲಿಲ್ಲ. ಗ್ರಾಮ ಲೆಕ್ಕಿಗರ ಬಳಿಯಿದ್ದ ಸುಮಾರು ಎರಡು ಕೋಟಿ ಪಹಣಿಗಳ ಹೆಸರು, ವಿಸ್ತೀರ್ಣ, ಋಣದ ವಿವರಗಳನ್ನು ಒಂದೊಂದು ಕಲಮಿನಂತೆ ಟೈಪ್ ಮಾಡಿ ತುಂಬಿಸಿದರು. ತಪ್ಪುಗಳೂ ಧಾರಾಳವಾಗಿ ಸೇರಿದವು, ತಿದ್ದುಪಡಿಗೆ ಅಲೆದವರಿಗೆ ಅದು ಗೊತ್ತು. ಆದರೂ ಆ ಪಹಣಿಯನ್ನು ಹುಡುಕಬಹುದು, ಕೂಡಿಸಬಹುದು, ಮ್ಯುಟೇಶನ್ ಆದೊಡನೆ ಬದಲಿಸಬಹುದು. ಸ್ಕ್ಯಾನ್ ಮಾಡಿದ ಹಾಳೆಯಿಂದ ಇದಾವುದೂ ಆಗದು.

ಚಿತ್ರದಿಂದ ಅಕ್ಷರ ಹೆಕ್ಕುವ ತಂತ್ರಾಂಶಗಳು ಕನ್ನಡಕ್ಕೂ ಇವೆ. ಅಚ್ಚಾದ ಪುಟವಾದರೆ ಸಾಕಷ್ಟು ಚೆನ್ನಾಗಿಯೇ ಓದುತ್ತವೆ. ಆದರೆ ‘ದ’ ಮತ್ತು ‘ಧ’ಗಳ ನಡುವಿನ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸೀಳು ಮಾತ್ರ, ಮಸುಕಾದ ಪ್ರತಿಯಲ್ಲಿ ಅದು ನಾಲ್ಕೈದು ಚುಕ್ಕಿಗಳಷ್ಟೂ ಉಳಿದಿರುವುದಿಲ್ಲ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ಇನ್ನು ಶಾನುಭೋಗರ ಕೂಡುಬರಹ ಎದುರಾದರೆ ಯಂತ್ರವಿರಲಿ, ಇಂದಿನ ಪದವೀಧರರೂ ತಡವರಿಸುತ್ತಾರೆ.

ಕಾಗದವೇ ಇಲ್ಲದೆ ಕಂಪ್ಯೂಟರಿನಲ್ಲಿಯೇ ಹುಟ್ಟಿದ ಕಡತಗಳ ಕಥೆಯೂ ಸುಲಭದ್ದಲ್ಲ. ನಮ್ಮ ಕಚೇರಿಗಳು ವರ್ಷಗಟ್ಟಲೆ ಬಳಸಿದ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಫಾಂಟುಗಳಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಒಳಗೆ ಸೇರುತ್ತಿದ್ದುದು ಕನ್ನಡದ ಸಂಕೇತಗಳಲ್ಲ. ಇಂಗ್ಲಿಷಿನ ‘ಪಿ’ಗೆ ಮೀಸಲಾದ ಸ್ಥಾನದಲ್ಲಿ ‘ಕ’ದ ಮೈ, ಇನ್ನೊಂದು ಸ್ಥಾನದಲ್ಲಿ ತಲೆಕಟ್ಟು, ಬ್ರಿಟನ್ನಿನ ಪೌಂಡ್ ಚಿಹ್ನೆಯ ಸ್ಥಾನದಲ್ಲಿ ‘ನ’! ಫಾಂಟ್ ಇರುವವರೆಗೆ ಓದುಗನಿಗೆ ಕನ್ನಡವೇ ಕಾಣುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳ ನಡುವೆ ಟೊಪ್ಪಿ, ಚುಕ್ಕಿ, ಪೌಂಡುಗಳ ಸಂತೆ. ಇದಕ್ಕಾಗಿ ನುಡಿಯನ್ನು ದೂರುವುದು ಅನ್ಯಾಯವಾದೀತು, ಅಂದಿನ ಕಂಪ್ಯೂಟರುಗಳಲ್ಲಿ ಕನ್ನಡ ಮೂಡಿಸಲು ಬೇರೆ ಉಪಾಯ ಹೆಚ್ಚೇನೂ ಇರಲಿಲ್ಲ. ಯುನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳು ಪ್ರತ್ಯೇಕವಾಗಿವೆ; ‘ಕ್ಷ’ ಎಂದರೆ ಕ, ಹಲಂತ, ಷ ಎಂಬ ಮೂರು ಸಂಕೇತಗಳು, ಯಾವ ಫಾಂಟಿನಲ್ಲಿ ತೆರೆದರೂ ಅವು ಬದಲಾಗುವುದಿಲ್ಲ. ಹೀಗಾಗಿ ಹಳೆಯ ನುಡಿ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿ ಇಡುವುದು, ನನ್ನ ದೃಷ್ಟಿಯಲ್ಲಿ, ಹಾಳೆಗಳ ಸ್ಕ್ಯಾನಿಂಗಿನಷ್ಟೇ ತುರ್ತಿನ ಕೆಲಸ.

ಉಳಿದದ್ದು ಸಹಿ. ಕಾಗದದ ಮೇಲಿನ ಸಹಿ ಬರೆದವರಾರು ಎಂದು ಹೇಳೀತೇ ಹೊರತು, ಆಮೇಲೆ 42ನ್ನು ಯಾರಾದರೂ 47 ಮಾಡಿದರೆ ಅದಕ್ಕೆ ತಿಳಿಯದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಮಾನ್ಯ ಮಾಡಿದ ಡಿಜಿಟಲ್ ಸಹಿ ಕಡತದ ಒಳಗಿನ ಒಂದೊಂದು ಬಿಟ್ಟನ್ನೂ (ಸೊನ್ನೆ ಅಥವಾ ಒಂದು ಎಂಬ ಕಿರುಘಟಕವನ್ನೂ) ಲೆಕ್ಕಕ್ಕೆ ಹಿಡಿಯುತ್ತದೆ. ಮೊದಲು ಇಡೀ ಕಡತವನ್ನು ಅರೆದು, ಸಾಮಾನ್ಯವಾಗಿ 256 ಬಿಟ್ಟುಗಳ ಒಂದು ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆ ತೆಗೆಯುತ್ತಾರೆ. ಒಂದು ಅಂಕಿ ಬದಲಾದರೂ ಆ ಬಿಟ್ಟುಗಳಲ್ಲಿ ಹೆಚ್ಚುಕಡಿಮೆ ಅರ್ಧ ತಲೆಕೆಳಗಾಗುತ್ತವೆ. ಅಧಿಕಾರಿಯ ಡೋಂಗಲ್ಲಿನಲ್ಲಿರುವ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನದಲ್ಲಿರುವ) ಗುಟ್ಟಿನ ಕೀಲಿಯಿಂದ ಆ ಹ್ಯಾಶಿಗೆ ಮುದ್ರೆ ಬೀಳುತ್ತದೆ, ಅದಕ್ಕೆ ಜೋಡಿಯಾದ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ತಾಳೆ ನೋಡಬಹುದು. ಸಹಿಯ ಫೋಟೊ ತೆಗೆದು ಪತ್ರದ ಕೆಳಗೆ ಅಂಟಿಸುವುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಹೀಗೆ ಸಹಿಯಾದ ಪ್ರಮಾಣಪತ್ರವೊಂದನ್ನು ಕಳೆದ ವರ್ಷ ನಾನು ಒಂದು ಕಚೇರಿಗೆ ಇಮೇಲ್ ಮಾಡಿದ್ದೆ. ವಿಷಯ ನಿರ್ವಾಹಕರು ಬಹಳ ಸೌಜನ್ಯದಿಂದಲೇ ಫೋನ್ ಮಾಡಿ, ‘ಇದನ್ನ ಪ್ರಿಂಟ್ ತೆಗೆದು, ಗೆಜೆಟೆಡ್ ಅಧಿಕಾರಿಗಳ ಸಹಿ, ಮೊಹರು ಹಾಕಿಸಿ, ಸ್ಕ್ಯಾನ್ ಮಾಡಿ ಕಳಿಸಿಬಿಡಿ ಸಾರ್’ ಎಂದರು. ಹಾಗೆಯೇ ಮಾಡಿದೆ. ಮೊದಲಿದ್ದುದಕ್ಕಿಂತ ಎಷ್ಟೋ ಪಟ್ಟು ದಪ್ಪನಾದ ಆ ಹೊಸ ಪಿಡಿಎಫ್‌ನಲ್ಲಿ ‘ಡಿಜಿಟಲ್ ಸಹಿ ಮಾಡಲಾಗಿದೆ’ ಎಂಬ ಸಾಲು ಸ್ಪಷ್ಟವಾಗಿ ಕಾಣುತ್ತದೆ, ಚುಕ್ಕಿಗಳ ರೂಪದಲ್ಲಿ.